ಸ್ಲೊವೇನಿಯಾ ಚಳಿಗಾಲದ ಪ್ರವಾಸ: ರಾಜಧಾನಿ ಬಿಟ್ಟು ಎಲ್ಲಿ ಉಳಿಯುವುದು? (ಹಿರಿಯರು, ಮಕ್ಕಳು ಜೊತೆಗಿದ್ದಾರೆ)

ಅಮ್ಮತ್ತಿ ಕಡೆಯವಳು:

ಎಲ್ಲರಿಗೂ ನಮಸ್ಕಾರ. 2026ರ ಡಿಸೆಂಬರ್ 24ಕ್ಕೆ ಹೊರಟು ಜನವರಿ 3ಕ್ಕೆ ವಾಪಸ್ ಬರುವ ಯೋಚನೆ. ಅರೇಬಿಕಾ ಕೊಯ್ಲು ಒಂದು ಹಂತಕ್ಕೆ ಬಂದು, ರೋಬಸ್ಟಾ ಇನ್ನೂ ಕೈಗೆ ಬರದ ಆ ಹತ್ತು ದಿನ ಮಾತ್ರ ಕಾಫಿ ತೋಟವನ್ನು ರೈಟರ್‌ಗೆ (ತೋಟದ ಮೇಲ್ವಿಚಾರಕ) ಒಪ್ಪಿಸಿ ಹೊರಡಬಹುದು. ಮಕ್ಕಳಿಗೂ ಕ್ರಿಸ್‌ಮಸ್ ರಜೆ.

ಒಟ್ಟು ಆರು ಜನ. ನಾವಿಬ್ಬರು, ಅತ್ತೆ, ಮಾವ, 12 ಮತ್ತು 7 ವರ್ಷದ ಮಕ್ಕಳು. ಮಾವನವರಿಗೆ ಮಂಡಿನೋವು, ಮೆಟ್ಟಿಲು ಹೆಚ್ಚು ಹತ್ತಿಸುವಂತಿಲ್ಲ. ಮಕ್ಕಳಿಗೆ ಹಿಮ ಬೇಕು. ರಾಜಧಾನಿ ಲ್ಯೂಬ್ಲ್ಯಾನಾದಲ್ಲಿ 3 ರಾತ್ರಿ, ಬ್ಲೆಡ್‌ನಲ್ಲಿ 2, ಸೋಚಾ ಕಣಿವೆಯಲ್ಲಿ 1, ಸಮುದ್ರ ತೀರದ ಪಿರಾನ್‌ನಲ್ಲಿ 2, ಮಾರಿಬೋರ್‌ನಲ್ಲಿ 1 ಎಂದು ಬರೆದಿಟ್ಟುಕೊಂಡಿದ್ದೇವೆ. ಕಾರು ಬಾಡಿಗೆಗೆ ತೆಗೆಯುವುದೋ, ಬಸ್ಸು ರೈಲಿನಲ್ಲೇ ಹೋಗುವುದೋ ತೀರ್ಮಾನ ಆಗಿಲ್ಲ. ವೀಸಾಕ್ಕೆ ತೋಟದ ಆದಾಯವನ್ನು ಹೇಗೆ ತೋರಿಸಬೇಕು? ಊಟಕ್ಕೆ ಏನು ಒಯ್ಯಬಹುದು? ದಯವಿಟ್ಟು ತಿಳಿದವರು ಹೇಳಿ.

ಬ್ರಹ್ಮಗಿರಿ ಮಂಜು:

ಅಕ್ಕ, ಊರುಗಳ ಪಟ್ಟಿಯನ್ನು ಮೊದಲು ಅರ್ಧಕ್ಕೆ ಇಳಿಸಿ. ಇಡೀ ದೇಶ 20,271 ಚದರ ಕಿ.ಮೀ., ಅಂದರೆ ಹತ್ತಿರ ಹತ್ತಿರ ಐದು ಕೊಡಗು. ಚಿಕ್ಕದು ಅನ್ನುವ ಕಾರಣಕ್ಕೇ ಎಲ್ಲರೂ ಐದಾರು ಕಡೆ ರೂಮು ಹಿಡಿದು ದಾರಿಯಲ್ಲೇ ದಿನ ಕಳೆಯುತ್ತಾರೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಸುಮಾರು 7.40ಕ್ಕೆ, ಮುಳುಗುವುದು 4.20ರ ಹೊತ್ತಿಗೆ. ಸಿಗುವ ಬೆಳಕು ಎಂಟೂವರೆ ಗಂಟೆ. ಬೆಳಿಗ್ಗೆ 10ಕ್ಕೆ ರೂಮು ಖಾಲಿ ಮಾಡಿ, ಮಧ್ಯಾಹ್ನ 3ಕ್ಕೆ ಮುಂದಿನ ಊರಿನಲ್ಲಿ ಕೀಲಿ ತೆಗೆದುಕೊಂಡರೆ ಆ ದಿನದ ಬೆಳಕು ಅಲ್ಲಿಗೆ ಮುಗಿಯಿತು. ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ಎರಡೇ ನೆಲೆ ಸಾಕು. ಕೆರೆ ದಂಡೆಯ ಬೋಹಿನ್ ಅಥವಾ ಬ್ಲೆಡ್‌ನಲ್ಲಿ 5 ರಾತ್ರಿ, ಪೂರ್ವದ ಪ್ತುಯ್ ಕಡೆ ಬಿಸಿನೀರಿನ ಊರಿನಲ್ಲಿ 3 ರಾತ್ರಿ.

ಎರಡನೆಯದಾಗಿ ದಿನಾಂಕ. ಇದನ್ನು ಯಾರೂ ನೋಡುವುದಿಲ್ಲ, ಆಮೇಲೆ ಹಾಲು ಬ್ರೆಡ್ಡಿಗೂ ಪರದಾಡುತ್ತಾರೆ. ಸ್ಲೊವೇನಿಯಾದಲ್ಲಿ ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಅಂಗಡಿ ಮುಚ್ಚಬೇಕೆಂದು 2020ರಿಂದ ಕಾನೂನು ಇದೆ. ತೆರೆದಿರುವುದು ಪೆಟ್ರೋಲ್ ಬಂಕ್, ವಿಮಾನ ನಿಲ್ದಾಣ, ರೈಲು ನಿಲ್ದಾಣದ ಅಂಗಡಿ, ಮಾಲೀಕರೇ ನಿಂತು ನಡೆಸುವ ಸಣ್ಣ ಅಂಗಡಿ. ಡಿಸೆಂಬರ್ 25 ಮತ್ತು 26 ಎರಡೂ ರಜೆ, ಜನವರಿ 1 ಮತ್ತು 2 ಕೂಡ ರಜೆ. ನೀವು ಹೋಗುವ ವರ್ಷ 25 ಶುಕ್ರವಾರ, 26 ಶನಿವಾರ, 27 ಭಾನುವಾರ. ಮುಂದಿನ ವಾರ 1, 2, 3ನೇ ತಾರೀಕೂ ಹಾಗೆಯೇ. ಎರಡು ಸಲ ಮೂರು ಮೂರು ದಿನ ಬಾಗಿಲು ಬಂದ್. 24ಕ್ಕೆ ಬೆಂಗಳೂರು ಬಿಟ್ಟರೆ ನೀವು ಇಳಿಯುವುದೇ ಬಂದ್‌ನ ಮೊದಲ ದಿನ. ಮೂರು ದಿನಕ್ಕೆ ಆಗುವಷ್ಟು ಅಕ್ಕಿ, ಬೇಳೆ, ಅವಲಕ್ಕಿ ಚೆಕ್-ಇನ್ ಬ್ಯಾಗಿನಲ್ಲೇ ಇರಲಿ. ಉಳಿಯುವ ಮನೆಯವರಿಗೆ ಮೊದಲೇ ಬರೆದು ಹಾಲು, ಮೊಟ್ಟೆ, ಬ್ರೆಡ್ ತಂದಿಡಲು ಕೇಳಿ. ಹಳ್ಳಿ ಕಡೆಯ ಮನೆಯವರು ಸಾಮಾನ್ಯವಾಗಿ ಒಪ್ಪುತ್ತಾರೆ.

ರಜೆಯ ದಿನ ಬಸ್ಸುಗಳೂ ತೀರಾ ಕಡಿಮೆ. ವೇಳಾಪಟ್ಟಿ ನೋಡುವಾಗ ನೀವು ಹೋಗುವ ದಿನದ ತಾರೀಕನ್ನೇ ಹಾಕಿ ಹುಡುಕಬೇಕು. ಸುಮ್ಮನೆ ಯಾವುದೋ ವಾರದ ದಿನ ನೋಡಿ ಲೆಕ್ಕ ಹಾಕಿದರೆ, ಶನಿವಾರ ಸಂಜೆ ಕೆರೆ ದಂಡೆಯಲ್ಲಿ ಬಸ್ಸಿಲ್ಲದೆ ನಿಲ್ಲಬೇಕಾಗುತ್ತದೆ.

ಮಕ್ಕಳ ಶಾಲೆ ಒಪ್ಪಿದರೆ ಜನವರಿ 8ರಿಂದ 18 ಎಲ್ಲ ರೀತಿಯಲ್ಲೂ ಒಳ್ಳೆಯದು. ರೂಮಿನ ಬೆಲೆ ಇಳಿದಿರುತ್ತದೆ, ಹಿಮ ಬೀಳುವ ಸಂಭವ ಜಾಸ್ತಿ, ಅಂಗಡಿ ತೆರೆದಿರುತ್ತವೆ.

ಅಮ್ಮತ್ತಿ ಕಡೆಯವಳು:

ಜನವರಿ ಆಗುವುದಿಲ್ಲ ಅಣ್ಣ, ರೋಬಸ್ಟಾ ಹಣ್ಣಾದರೆ ಕೊಯ್ಲಿನ ಆಳುಗಳನ್ನು ನಾವೇ ನಿಂತು ನೋಡಬೇಕು. ಡಿಸೆಂಬರ್‌ನಲ್ಲೇ ಹೋಗುವುದಾದರೆ ಹಿಮ ಸಿಗುತ್ತದಾ? ಬೋಹಿನ್‌ಗೂ ಬ್ಲೆಡ್‌ಗೂ ಯಾವುದು ಮೇಲು?

ಬ್ರಹ್ಮಗಿರಿ ಮಂಜು:

ಸಿಗುತ್ತದೆ, ಆದರೆ ಎತ್ತರಕ್ಕೆ ಹೋಗಬೇಕು. ಬ್ಲೆಡ್ ಕೆರೆ ಇರುವುದು ಸಮುದ್ರ ಮಟ್ಟದಿಂದ 500 ಮೀಟರ್‌ಗಿಂತ ಕೆಳಗೆ, ಬೋಹಿನ್ ಕೆರೆ ಅದಕ್ಕಿಂತ ಸ್ವಲ್ಪ ಮೇಲೆ. ಮಡಿಕೇರಿಯ ಅರ್ಧ ಎತ್ತರವೂ ಇಲ್ಲ. ಕ್ರಿಸ್‌ಮಸ್ ಹೊತ್ತಿಗೆ ಅಲ್ಲಿ ಎಷ್ಟೋ ಸಲ ಬರೀ ಮಳೆ. ಕೆರೆ ಹೆಪ್ಪುಗಟ್ಟುವುದು ಕೆಲವು ವರ್ಷ ಮಾತ್ರ, ಹೆಪ್ಪುಗಟ್ಟಿದಂತೆ ಕಂಡರೂ ಮಕ್ಕಳನ್ನು ಅದರ ಮೇಲೆ ಬಿಡಬೇಡಿ.

ನನ್ನ ಓಟು ಬೋಹಿನ್‌ಗೆ. ಕಾರಣ ವೋಗೆಲ್ ಎಂಬ ಸ್ಕೀ ಬೆಟ್ಟ. ಕೆರೆಯ ಪಶ್ಚಿಮ ತುದಿಯ ಉಕಾಂತ್ಸ್‌ನಿಂದ ಕೇಬಲ್ ಕಾರು ಹತ್ತಿದರೆ ಕೆಲವೇ ನಿಮಿಷದಲ್ಲಿ 1,535 ಮೀಟರ್‌ಗೆ ಬಿಡುತ್ತದೆ. ಮೇಲೆ ಊಟದ ಜಾಗ ಇದೆ. ಮಾವನವರು ಬೆಚ್ಚಗೆ ಒಳಗೆ ಕೂತು 2,864 ಮೀಟರ್‌ನ ತ್ರಿಗ್ಲಾವ್ ಶಿಖರ ನೋಡಬಹುದು, ಮಕ್ಕಳು ಹೊರಗೆ ಹಿಮದಲ್ಲಿ ಆಡಬಹುದು. ಚಳಿಗಾಲದಲ್ಲಿ ಗಾಳಿ ಆಡದ ದಿನಗಳಲ್ಲಿ ತಣ್ಣನೆಯ ಗಾಳಿ ತಗ್ಗಿನಲ್ಲಿ ಕೂತುಬಿಡುತ್ತದೆ, ಅದರೊಳಗೆ ಮಂಜು ಕಟ್ಟಿ ಕೆಳಗಿನ ಊರು ದಿನವಿಡೀ ಬೂದು ಬಣ್ಣ. ಮಂಜಿನ ಪದರದ ಮೇಲೆ ಹೋದರೆ ನೀಲಿ ಆಕಾಶ, ಬಿಸಿಲು. ಹಾಗಾಗಿ ಕಿಟಕಿಯಿಂದ ಹೊರಗೆ ನೋಡಿ ಇವತ್ತು ಬೇಡ ಅನ್ನಬೇಡಿ. ವೋಗೆಲ್‌ನ ಲೈವ್ ಕ್ಯಾಮೆರಾವನ್ನು ಬೆಳಿಗ್ಗೆ ಫೋನಿನಲ್ಲಿ ನೋಡಿ ತೀರ್ಮಾನಿಸಿ. ಗಾಳಿ ಜೋರಾದರೆ ಕೇಬಲ್ ಕಾರು ನಿಲ್ಲಿಸುತ್ತಾರೆ, ಅದನ್ನೂ ಅಲ್ಲೇ ಹಾಕಿರುತ್ತಾರೆ. ಐದು ರಾತ್ರಿ ಒಂದೇ ಕಡೆ ಇರಿ ಅಂದಿದ್ದು ಇದಕ್ಕೇ. ಒಳ್ಳೆಯ ದಿನ ಬಂದಾಗ ಹಿಡಿಯಬಹುದು.

ವೋಗೆಲ್ ನಂಬಿಕೊಂಡಿರುವುದು ಆಕಾಶದಿಂದ ಬೀಳುವ ಹಿಮವನ್ನು. ಡಿಸೆಂಬರ್‌ನಲ್ಲಿ ಸಾಲದಿದ್ದರೆ ಎರಡು ದಾರಿ. ಒಂದು ಪೋಕ್ಲ್ಯೂಕಾ, 1,300 ಮೀಟರ್ ಎತ್ತರದ ಕಾಡಿನ ಬಯಲು. ರುದ್ನೊ ಪೋಲ್ಯೆವರೆಗೆ ರಸ್ತೆಯ ಹಿಮ ತೆಗೆಯುತ್ತಾರೆ, ಮಕ್ಕಳಿಗೆ ಜಾರುಬಂಡಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಇನ್ನೊಂದು ಕ್ರಾನ್ಸ್ಕಾ ಗೋರಾ. ಅಲ್ಲಿ ಚಳಿ ಸಾಕಷ್ಟಿದ್ದರೆ ಯಂತ್ರದಿಂದ ಹಿಮ ಮಾಡಿ ಹಾಸುತ್ತಾರೆ, ಸ್ಕೀ ಕಲಿಯುವವರಿಗೆ ಇಳಿಜಾರು ಸೌಮ್ಯ. ಅಲ್ಲಿಂದ ಪ್ಲಾನಿತ್ಸಾ ಕಾಲು ಗಂಟೆಯೂ ಇಲ್ಲ. ಸ್ಕೀ ಕಟ್ಟಿಕೊಂಡು ಮನುಷ್ಯ ಮೊದಲ ಬಾರಿಗೆ 100 ಮೀಟರ್ ಹಾರಿದ್ದು 1936ರಲ್ಲಿ ಅಲ್ಲೇ. 2025ರ ಮಾರ್ಚ್‌ನಲ್ಲಿ ಸ್ಲೊವೇನಿಯಾದ ಸ್ಕೀ ಜಿಗಿತಗಾರ ದೋಮೆನ್ ಪ್ರೆವ್ಟ್ಸ್ 254.5 ಮೀಟರ್ ಹಾರಿದ್ದೂ ಅಲ್ಲೇ. ಆ ಹಾರುಗಟ್ಟೆಯ ಕೆಳಗೆ ನಿಂತು ತಲೆ ಎತ್ತಿ ನೋಡಲೇಬೇಕು.

ಬ್ಲೆಡ್‌ಗೆ ಒಂದು ದಿನ ಸಾಕು. ದ್ವೀಪದ ಇಗರ್ಜಿಗೆ 99 ಮೆಟ್ಟಿಲು, ಮಾವನವರನ್ನು ದಡದಲ್ಲೇ ಕೂರಿಸಿ. ಕೆರೆ ಸುತ್ತಲಿನ 6 ಕಿ.ಮೀ. ದಾರಿ ಸಮತಟ್ಟು, ನಡೆದಷ್ಟು ನಡೆದು ವಾಪಸ್ ಬರಬಹುದು. ವಿಂತ್ಗಾರ್ ಕಮರಿ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಸವಿತ್ಸಾ ಜಲಪಾತದ ಮೆಟ್ಟಿಲುಗಳ ಮೇಲೆ ಐಸ್ ಕಟ್ಟಿರುತ್ತದೆ, ಅದೂ ಬೇಡ.

ಹಾರಂಗಿ ದಂಡೆ:

ಕಾರಿನ ಬಗ್ಗೆ ನಾನು ಹೇಳುತ್ತೇನೆ. ಆರು ಜನ, ಅದರಲ್ಲಿ ಇಬ್ಬರು ಹಿರಿಯರು, ರಜೆಯ ವಾರ ಅಂದರೆ ಗಾಡಿ ಬೇಕೇ ಬೇಕು. 7 ಸೀಟಿನದು ಸಾಲದು. ಹಿಂದಿನ ಸೀಟು ಎತ್ತಿದರೆ ಡಿಕ್ಕಿಯಲ್ಲಿ ಎರಡು ಸೂಟ್‌ಕೇಸ್ ಕೂಡ ಹಿಡಿಯುವುದಿಲ್ಲ. 9 ಸೀಟಿನ ವ್ಯಾನ್ ತೆಗೆದುಕೊಳ್ಳಿ, ಮಾಮೂಲಿ ಕಾರಿನ ಲೈಸೆನ್ಸ್ ಸಾಕಾಗುತ್ತದೆ. ಆಟೋ ಗೇರ್ ಬೇಕಿದ್ದರೆ ಈಗಲೇ ಬುಕ್ ಮಾಡಿ. ಬಲಬದಿಯ ರಸ್ತೆಯಲ್ಲಿ, ಹಿಮದಲ್ಲಿ, ಬಲಗೈಯಲ್ಲಿ ಗೇರ್ ಹಾಕುವುದನ್ನು ಕಲಿಯುತ್ತಾ ಕೂರುವುದು ಬೇಡ.

ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಡಿಕೇರಿ ಆರ್‌ಟಿಒದಲ್ಲಿ ಆಗುತ್ತದೆ. ಫಾರಂ 4ಎ, ಪಾಸ್‌ಪೋರ್ಟ್, ಫೋಟೊ. ಒಂದು ವರ್ಷ ನಡೆಯುತ್ತದೆ. ಓಡಿಸುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು, ಕೌಂಟರ್‌ನಲ್ಲಿ ಡೆಬಿಟ್ ಕಾರ್ಡ್ ಕೊಟ್ಟರೆ ಎಷ್ಟೋ ಕಡೆ ಗಾಡಿ ಕೊಡುವುದಿಲ್ಲ.

ನವೆಂಬರ್ 15ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಸಾಮಗ್ರಿ ಕಡ್ಡಾಯ. ನಾಲ್ಕೂ ಚಕ್ರಕ್ಕೆ ವಿಂಟರ್ ಟೈರ್, ಟೈರಿನ ಗೀರುಗಳ ಆಳ ಕನಿಷ್ಠ 3 ಮಿ.ಮೀ. ಇರಬೇಕು. ಕೀಲಿ ತೆಗೆದುಕೊಳ್ಳುವಾಗ ಟೈರಿನ ಬದಿಯಲ್ಲಿ ಮೂರು ಶಿಖರದ ಬೆಟ್ಟ ಮತ್ತು ಹಿಮಹರಳಿನ ಗುರುತು ಇದೆಯೇ ನೋಡಿ, ಫೋಟೊ ತೆಗೆದಿಡಿ. ಡಿಕ್ಕಿಯಲ್ಲಿ ಹಿಮಕ್ಕೆ ಟೈರಿಗೆ ಸುತ್ತುವ ಚೈನ್ ಕೇಳಿ. ನಿಲ್ದಾಣದ ಪಾರ್ಕಿಂಗ್‌ನಲ್ಲೇ ಒಮ್ಮೆ ಹಾಕಿ ತೆಗೆದು ಅಭ್ಯಾಸ ಮಾಡಿ. ಚೈನ್ ಹಾಕುವುದು ಎಂಜಿನ್ ತಿರುಗಿಸುವ ಚಕ್ರಕ್ಕೆ, ಹೆಚ್ಚಿನ ಗಾಡಿಗಳಲ್ಲಿ ಮುಂದಿನ ಚಕ್ರಕ್ಕೆ. 150 ಸೆಂ.ಮೀ.ಗಿಂತ ಗಿಡ್ಡ ಮಕ್ಕಳಿಗೆ ಮಕ್ಕಳ ಸೀಟು ಬೇಕು, ಇಬ್ಬರನ್ನೂ ಅಳೆದು ಬುಕ್ ಮಾಡಿ.

ಹೆದ್ದಾರಿಗೆ ವಿನ್ಯೆಟ್ ಎಂಬ ಎಲೆಕ್ಟ್ರಾನಿಕ್ ಪರವಾನಗಿ ಬೇಕು, ಗಾಡಿ ನಂಬರಿಗೆ ನೋಂದಣಿ. ಅಲ್ಲಿಯೇ ಬಾಡಿಗೆಗೆ ತೆಗೆದ ಗಾಡಿಗೆ ಸಾಮಾನ್ಯವಾಗಿ ಇರುತ್ತದೆ. ಜರ್ಮನಿ ಅಥವಾ ಇಟಲಿಯಲ್ಲಿ ತೆಗೆದರೆ ನೀವೇ ಕೊಳ್ಳಬೇಕು. ಮುಂದಿನ ಆಕ್ಸಲ್ ಮೇಲೆ 1.30 ಮೀಟರ್ ಅಥವಾ ಅದಕ್ಕಿಂತ ಎತ್ತರ ಇರುವ ವ್ಯಾನ್‌ಗಳು 2ಬಿ ವರ್ಗ, ಬೆಲೆ ದುಪ್ಪಟ್ಟು. ತಪ್ಪು ವರ್ಗ ಕೊಂಡರೆ ಕೊಂಡೇ ಇಲ್ಲ ಎಂದು ದಂಡ ಹಾಕುತ್ತಾರೆ. ಆಸ್ಟ್ರಿಯಾ ಮೂಲಕ ಬಂದರೆ ಅದಕ್ಕೆ ಬೇರೆ ವಿನ್ಯೆಟ್, ಕರವಾಂಕೆ ಸುರಂಗಕ್ಕೆ ಬೇರೆ ಟೋಲ್.

ನಿಮ್ಮ ಪಟ್ಟಿಯ ಸೋಚಾ ಕಣಿವೆಗೆ ಬ್ಲೆಡ್ ಕಡೆಯಿಂದ ಮ್ಯಾಪ್ ತೋರಿಸುವ ಹತ್ತಿರದ ದಾರಿ ವ್ರ್‌ಶಿಚ್ ಘಾಟಿ, 1,611 ಮೀಟರ್, 50 ಹೇರ್‌ಪಿನ್ ತಿರುವು. ಮೊದಲ ಮಹಾಯುದ್ಧದಲ್ಲಿ ರಷ್ಯದ ಸೆರೆಯಾಳುಗಳು ಕಟ್ಟಿದ ದಾರಿ ಅದು. 1916ರಲ್ಲಿ ಹಿಮಪಾತಕ್ಕೆ ಸಿಕ್ಕಿ ಸತ್ತವರ ನೆನಪಿಗೆ ಪಕ್ಕದಲ್ಲೇ ಮರದ ಪ್ರಾರ್ಥನಾಮಂದಿರ ಇದೆ. ಹಿಮ ಬಿದ್ದ ಮೇಲೆ ಘಾಟಿ ಮುಚ್ಚುತ್ತಾರೆ. ಸಂಪಾಜೆ ಘಾಟಿ ಮಳೆಗಾಲದಲ್ಲಿ ಓಡಿಸಿದ ಕೈ ಅಂದುಕೊಂಡು ನುಗ್ಗುವ ಜಾಗ ಅಲ್ಲ. ಬದಲಿ ದಾರಿ ಇಟಲಿಯ ತರ್ವೀಸಿಯೊ ಸುತ್ತಿ ಪ್ರೆದೆಲ್ ಘಾಟಿಯಿಂದ ಇಳಿಯುವುದು. ಅಷ್ಟು ಕಷ್ಟಪಟ್ಟು ಹೋದರೂ ಬೊವೆಟ್ಸ್‌ನಲ್ಲಿ ರಾಫ್ಟಿಂಗ್ ಇಲ್ಲ, ಅರ್ಧ ಹೋಟೆಲು ಮುಚ್ಚಿರುತ್ತವೆ. ಸೋಚಾ ನೋಡಬೇಕಾದ್ದು ಬೇಸಿಗೆಯಲ್ಲಿ, ಈ ಸಲ ಬಿಟ್ಟುಬಿಡಿ.

ಓಡಿಸುವಾಗ ಭಯಪಡಬೇಕಾದ್ದು ಬಿಳಿ ಹಿಮಕ್ಕಲ್ಲ, ಕಾಣದ ಐಸಿಗೆ. ಸೇತುವೆ ಮೇಲೆ, ಕಾಡಿನ ನೆರಳಿನಲ್ಲಿ, ಬೆಳಿಗ್ಗೆ 9ರ ಮೊದಲು, ಸಂಜೆ 4ರ ನಂತರ ರಸ್ತೆ ಬರೀ ಒದ್ದೆಯಾದಂತೆ ಕಾಣುತ್ತದೆ. ಸೇತುವೆಯ ಕೆಳಗೂ ಗಾಳಿ ಆಡುವುದರಿಂದ ಅದು ರಸ್ತೆಗಿಂತ ಮೊದಲು ಹೆಪ್ಪುಗಟ್ಟುತ್ತದೆ. ಬ್ರೇಕ್ ಜೋರಾಗಿ ಒತ್ತದೆ, ಗೇರ್ ಇಳಿಸಿ ನಿಧಾನ ಮಾಡಿ. ಹಗಲೂ ಹೆಡ್‌ಲೈಟ್ ಉರಿಯುತ್ತಿರಬೇಕು. ಅಪಘಾತವಾದರೆ 112.

ಕಾರು ಬೇಡವೆಂದರೂ ಒಂದು ಮಾತು ನೆನಪಿಡಿ: ಬ್ಲೆಡ್‌ಗೆ ಎರಡು ರೈಲು ನಿಲ್ದಾಣ. ಲ್ಯೂಬ್ಲ್ಯಾನಾದಿಂದ ಬರುವ ಮುಖ್ಯ ಮಾರ್ಗದ್ದು ಲೆಸ್ತ್ಸೆ-ಬ್ಲೆಡ್, ಕೆರೆಯಿಂದ 4 ಕಿ.ಮೀ. ದೂರ. ಬ್ಲೆಡ್ ಯೆಜೆರೊ ಇರುವುದು ಯೆಸೆನಿತ್ಸೆಯಿಂದ ಬೋಹಿನ್ ಕಡೆ ಹೋಗುವ 1906ರ ಹಳೆಯ ಮಾರ್ಗದಲ್ಲಿ. ಮ್ಯೂನಿಕ್‌ನಿಂದ ನೇರ ರೈಲು ಹಿಡಿದರೆ ಲೆಸ್ತ್ಸೆ-ಬ್ಲೆಡ್‌ನಲ್ಲೇ ಇಳಿಯಬಹುದು, ರಾಜಧಾನಿಗೆ ಹೋಗುವ ಅಗತ್ಯವೇ ಇಲ್ಲ. ವಿಮಾನದಲ್ಲಿ ಬಂದರೂ ಅಷ್ಟೇ. ಲ್ಯೂಬ್ಲ್ಯಾನಾ ವಿಮಾನ ನಿಲ್ದಾಣ ಇರುವುದು ಕ್ರಾನ್ ಪಕ್ಕದ ಬ್ರ್‌ನಿಕ್‌ನಲ್ಲಿ, ಬ್ಲೆಡ್‌ಗೆ ಸುಮಾರು 35 ಕಿ.ಮೀ.

ಕಕ್ಕಬ್ಬೆ ಜೇನು:

ವೀಸಾ. ಡಿಸೆಂಬರ್ 24ರ ಪ್ರಯಾಣಕ್ಕೆ ಜೂನ್ 24ರಿಂದಲೇ ಅರ್ಜಿ ಹಾಕಬಹುದು, ಆರು ತಿಂಗಳು ಮೊದಲು ಅನ್ನುವುದು ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ನಿಯಮ. ತೀರ್ಮಾನಕ್ಕೆ 15 ದಿನ ಅನ್ನುತ್ತಾರೆ, 45ಕ್ಕೆ ಹೋಗಲೂಬಹುದು. ಹುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಮುಗಿಸಿ ನೋಡೋಣ ಅಂದರೆ ತಡವಾಯಿತು. ಸೆಪ್ಟೆಂಬರ್‌ನಲ್ಲೇ ಹಾಕಿ. ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನವರಿಗೆ 45. ನಿಮ್ಮ ದೊಡ್ಡ ಮಗುವಿಗೆ 12 ತುಂಬಿದೆ ಅಂದಿರಿ, ಅದಕ್ಕೆ ಪೂರ್ತಿ ಶುಲ್ಕ, ಬೆರಳಚ್ಚೂ ಕೊಡಬೇಕು. ಅಂದರೆ ಐದು 90, ಒಂದು 45, ಒಟ್ಟು 495 ಯೂರೋ, ಮೇಲೆ ಅರ್ಜಿ ಕೇಂದ್ರದ ಸೇವಾ ಶುಲ್ಕ. ಮ್ಯೂನಿಕ್‌ನಲ್ಲಿ ಒಂದು ರಾತ್ರಿ ಉಳಿದರೂ ಹೆಚ್ಚು ರಾತ್ರಿ ಸ್ಲೊವೇನಿಯಾದಲ್ಲೇ ಇರುವುದರಿಂದ ಅರ್ಜಿ ಸ್ಲೊವೇನಿಯಾಕ್ಕೆ.

ತೋಟದವರ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಎರಡು ಕಡೆ. ನಮ್ಮ ಖಾತೆಗೆ ದುಡ್ಡು ಬರುವುದು ಸಂಬಳದಂತೆ ತಿಂಗಳು ತಿಂಗಳು ಅಲ್ಲ, ಕಾಫಿ ಮಾರಿದಾಗ ಒಂದೇ ಸಲ. ಬ್ಯಾಂಕ್ ಸ್ಟೇಟ್‌ಮೆಂಟ್ ನೋಡುವವರಿಗೆ ಅದು ವೀಸಾಕ್ಕಾಗಿ ಯಾರಿಂದಲೋ ತಂದು ಹಾಕಿದ ಹಣದಂತೆ ಕಾಣುತ್ತದೆ. ಹಾಗಾಗಿ ಮೂರು ತಿಂಗಳಿನದು ಕೇಳಿದರೂ ಒಂದು ವರ್ಷದ್ದು ಕೊಡಿ, ಪ್ರತಿಯೊಂದು ದೊಡ್ಡ ಜಮೆಯ ಪಕ್ಕ ಕಾಫಿ, ಕರಿಮೆಣಸು ಮಾರಿದ ಬಿಲ್ಲಿನ ಪ್ರತಿ ಲಗತ್ತಿಸಿ. ಕೊಯ್ದ ಹಣ್ಣನ್ನೋ, ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ್ದು), ಚೆರಿಯನ್ನೋ (ಹಣ್ಣಾಗಿಯೇ ಒಣಗಿಸಿದ್ದು) ಹಾಗೇ ಮಾರುವವರ ಆದಾಯ ಕೃಷಿ ಆದಾಯ, ರಿಟರ್ನ್‌ನಲ್ಲಿ ವಿನಾಯಿತಿ ಕಾಲಂನಲ್ಲಿ ಇರುತ್ತದೆ, ತೆರಿಗೆಯ ಅಂಕಿ ಸೊನ್ನೆ ಕಾಣಬಹುದು. ಆ ಕಾಲಂಗೆ ಗುರುತು ಹಾಕಿ, ಕವರಿಂಗ್ ಪತ್ರದಲ್ಲಿ ಎರಡು ಸಾಲು ವಿವರಿಸಿ. ಆಡಿಟರ್ ಪತ್ರ ಇದ್ದರೆ ಇನ್ನೂ ಒಳ್ಳೆಯದು.

ಎರಡನೆಯದು ಪಹಣಿ. ಜಮ್ಮಾ ಜಾಗವಾದರೆ (ಕೊಡಗಿನ ವಂಶಪಾರಂಪರ್ಯ ಕುಟುಂಬ ಜಮೀನು) ಪಟ್ಟೇದಾರರ, ಅಂದರೆ ಕುಟುಂಬದ ಹಿರಿಯರ ಹೆಸರು ಮುಂದಿರುತ್ತದೆ, ನಿಮ್ಮ ಹೆಸರು ಹತ್ತು ಜನರ ನಡುವೆ ಇರುತ್ತದೆ, ಅಥವಾ ಇರುವುದೇ ಇಲ್ಲ. ಪಾಲುಪಟ್ಟಿಯ ಪ್ರತಿ, ವಂಶವೃಕ್ಷ, ಎರಡಕ್ಕೂ ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಹಾಕಿಸಿ ಕೊಡಿ. ಮರಳಿ ಬಂದೇ ಬರುತ್ತಾರೆ ಎಂಬುದಕ್ಕೆ ಕೊಯ್ಲಿಗೆ ಕಾದಿರುವ ತೋಟಕ್ಕಿಂತ ಬಲವಾದ ಪುರಾವೆ ಇಲ್ಲ. ಅದನ್ನು ಕಾಗದದಲ್ಲಿ ಕಾಣಿಸುವುದಷ್ಟೇ ಕೆಲಸ.

ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದು. ಅದು ವೀಸಾಕ್ಕೆ ಸಾಕು, ಸ್ಕೀಗೆ ಸಾಲದು. ಮಾಮೂಲಿ ಪಾಲಿಸಿಗಳು ಚಳಿಗಾಲದ ಆಟಗಳನ್ನು ಹೊರಗಿಡುತ್ತವೆ, ಮಕ್ಕಳು ಸ್ಕೀ ಹತ್ತುವುದಾದರೆ ಆ ಹೆಚ್ಚುವರಿ ಭಾಗ ಸೇರಿಸಿ. ಮಾವನವರ ಬಿಪಿ, ಶುಗರ್, ಮಂಡಿ ಎಲ್ಲವನ್ನೂ ಪಾಲಿಸಿಯಲ್ಲಿ ಬರೆಸಿ.

ಕಣ್ಣೂರು ಹತ್ತಿರ ಎಂದು ಅಲ್ಲಿಂದ ಗಲ್ಫ್‌ಗೆ ಒಂದು ಟಿಕೆಟ್, ಗಲ್ಫ್‌ನಿಂದ ಯುರೋಪಿಗೆ ಬೇರೆ ಟಿಕೆಟ್ ತೆಗೆಯಬೇಡಿ. ಮೊದಲನೆಯದು ತಡವಾದರೆ ಎರಡನೆಯದು ಹೋಯಿತು, ನಡುವೆ ಬ್ಯಾಗು ಎತ್ತಿ ಮತ್ತೆ ಹಾಕಲು ಆ ದೇಶದ ಪ್ರವೇಶ ವೀಸಾ ಕೇಳುತ್ತಾರೆ. ಬೆಂಗಳೂರಿನಿಂದ ಒಂದೇ ಟಿಕೆಟ್‌ನಲ್ಲಿ ಹೋಗಿ. ಷೆಂಗೆನ್ ಗಡಿಯಲ್ಲಿ ಈಗ ಫೋಟೊ, ಬೆರಳಚ್ಚು ದಾಖಲೆಯ ಹೊಸ ಪದ್ಧತಿ ಇರುವುದರಿಂದ ಸಾಲು ಉದ್ದ. ನಡುವಿನ ನಿಲ್ದಾಣದಲ್ಲಿ ಮೂರು ಗಂಟೆಯಾದರೂ ಇರಲಿ.

ಕುಟ್ಟದ ಅಡುಗೆಮನೆ:

ಊಟದ ವಿಷಯಕ್ಕೆ ಯಾರೂ ಬರಲಿಲ್ಲ. ಪಂದಿ (ಹಂದಿಮಾಂಸ) ಉಪ್ಪಿನಕಾಯಿ, ತುಪ್ಪ, ಹಾಲಿನ ಸಿಹಿತಿಂಡಿ ಒಯ್ಯಬೇಡಿ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ತರುವಂತಿಲ್ಲ, ಹಿಡಿದರೆ ಬುಟ್ಟಿಗೆ ಹಾಕುತ್ತಾರೆ, ದಂಡವೂ ಹಾಕಬಹುದು. ಕಿತ್ತಳೆಯೂ ಬೇಡ, ತಾಜಾ ಹಣ್ಣಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಕೇಳುತ್ತಾರೆ. ಬಾಳೆಹಣ್ಣು, ತೆಂಗಿನಕಾಯಿಗೆ ವಿನಾಯಿತಿ. ಜೇನು ತಲೆಗೆ 2 ಕಿಲೋವರೆಗೆ ಸರಿ. ಅಕ್ಕಿ, ಅಕ್ಕಿಹಿಟ್ಟು, ಕಡುಬಿನ ತರಿ, ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ), ಹುರಿದು ಪುಡಿ ಮಾಡಿದ ಮಸಾಲೆ, ಕಾಫಿಪುಡಿ ಧಾರಾಳವಾಗಿ ಒಯ್ಯಿರಿ. ಕಾಚಂಪುಳಿ ಬಾಟಲಿ ಚೆಕ್-ಇನ್‌ನಲ್ಲಿ, ಎರಡು ಪ್ಲಾಸ್ಟಿಕ್ ಚೀಲದೊಳಗೆ.

ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿದರೆ ಹಂದಿಮಾಂಸ ಅಲ್ಲಿ ಎಲ್ಲ ಅಂಗಡಿಯಲ್ಲೂ ಚೆನ್ನಾಗಿ ಸಿಗುತ್ತದೆ, ಕಾಚಂಪುಳಿ ಜೊತೆಗಿದ್ದರೆ ಅತ್ತೆಯವರೇ ಪಂದಿಕರಿ ಮಾಡುತ್ತಾರೆ. ಚಳಿಗಾಲ ಅಲ್ಲಿನ ಹಳ್ಳಿಗಳಲ್ಲಿ ಹಂದಿ ಕೊಯ್ಯುವ ಕಾಲ. ಹೊರಗೆ ತಿನ್ನುವಾಗ ಮನೆಯಲ್ಲಿ ದನದ ಮಾಂಸ ತಿನ್ನದವರು ಒಂದು ಮಾತು ಗಮನಿಸಿ: ಮೆನುವಿನಲ್ಲಿ ಗೊವೆಯ ಎಂದಿದ್ದರೆ ದನ, ಸ್ವಿನ್ಯ ಎಂದು ಶುರುವಾದರೆ ಹಂದಿ. ಗೋಲಾಶ್ ಹೆಚ್ಚಾಗಿ ದನದ್ದು, ಚೆವಾಪ್ಚಿಚಿಯಲ್ಲಿ ಬೆರಕೆ ಇರುತ್ತದೆ. ಭಾನುವಾರದ ತಿಳಿಸಾರು ದನದ ಎಲುಬಿನದು. ಕ್ರಾನ್ಸ್ಕಾ ಕ್ಲೊಬಾಸಾ ಎಂಬ ಸಾಸೇಜ್ ಹಂದಿಯದು. ಯೋತಾ ಅಂದರೆ ಹುಳಿ ಬರಿಸಿದ ಕೋಸು, ಹುರುಳಿಕಾಯಿ ಬೀಜ, ಆಲೂಗಡ್ಡೆ ಹಾಕಿದ ಗಟ್ಟಿ ಸಾರು. ಚಳಿಗೆ ಅದಕ್ಕಿಂತ ಹಿತವಾದದ್ದಿಲ್ಲ, ಹುಳಿ ಇಷ್ಟಪಡುವ ನಮ್ಮ ನಾಲಿಗೆಗೆ ಕೂಡಲೇ ಹಿಡಿಸುತ್ತದೆ. ನಲ್ಲಿ ನೀರು ಎಲ್ಲೆಡೆ ಕುಡಿಯಬಹುದು.

ಬಟ್ಟೆ: ಒಳಗೆ ಉಣ್ಣೆಯ ಥರ್ಮಲ್, ನಡುವೆ ಫ್ಲೀಸ್, ಹೊರಗೆ ಗಾಳಿ ನೀರು ಒಳಬಿಡದ ಜಾಕೆಟ್. ಹತ್ತಿ ಬನಿಯನ್ ಬೇಡ, ಬೆವರು ಹೀರಿ ಮೈಗೆ ತಣ್ಣಗೆ ಅಂಟುತ್ತದೆ. ತೋಟದ ಗಮ್‌ಬೂಟು ಹಿಮಕ್ಕೆ ನಡೆಯುತ್ತದೆ ಅಂದುಕೊಳ್ಳಬೇಡಿ. ಚಳಿಗೆ ರಬ್ಬರ್ ಬಿರುಸಾಗಿ ಐಸಿನ ಮೇಲೆ ಜಾರುತ್ತದೆ, ಒಳಗೆ ಕಾಲೂ ಮರಗಟ್ಟುತ್ತದೆ. ದಪ್ಪ ಕಾಲುಚೀಲ ಹಿಡಿಯುವಂತೆ ಒಂದು ಸೈಜ್ ದೊಡ್ಡ ಬೂಟು ಕೊಳ್ಳಿ. ಮಾವನವರ ಬೂಟಿಗೆ ಎಳೆದು ಹಾಕುವ ಮುಳ್ಳಿನ ರಬ್ಬರ್ ಪಟ್ಟಿ ಖಂಡಿತ ಇರಲಿ.

ಅಮ್ಮತ್ತಿ ಕಡೆಯವಳು:

ಎಲ್ಲರಿಗೂ ತುಂಬಾ ಧನ್ಯವಾದ. ಸೋಚಾ, ಮಾರಿಬೋರ್ ತೆಗೆದೆವು. ಗುಹೆ ನೋಡುವುದು ಮಾವನವರಿಗೆ ಆಗುತ್ತದಾ? ಪ್ತುಯ್ ಬಗ್ಗೆಯೂ ಸ್ವಲ್ಪ ಹೇಳಿ.

ಬ್ರಹ್ಮಗಿರಿ ಮಂಜು:

ಎರಡು ದೊಡ್ಡ ಗುಹೆಗಳಲ್ಲಿ ಪೋಸ್ಟೊಯ್ನಾ ಆಗುತ್ತದೆ, ಶ್ಕೋತ್ಸಿಯಾನ್ ಆಗುವುದಿಲ್ಲ. ಪೋಸ್ಟೊಯ್ನಾದಲ್ಲಿ 1872ರಿಂದ ಗುಹೆಯೊಳಗೆ ರೈಲಿದೆ. ಅದರಲ್ಲಿ ಒಳಗೆ ಹೋಗಿ ಸುಮಾರು ಒಂದೂವರೆ ಕಿ.ಮೀ. ನಡೆದರೆ ಸಾಕು. ದಾರಿ ಗಟ್ಟಿ, ಏರಿಳಿತ ಇದೆ, ಕೈಹಿಡಿ ಇದೆ. ವರ್ಷವಿಡೀ 10 ಡಿಗ್ರಿ, ಹೊರಗಿಂತ ಒಳಗೇ ಬೆಚ್ಚಗೆ. ರೈಲಿನಲ್ಲಿ ಮಾತ್ರ ಗಾಳಿ ಹೊಡೆಯುತ್ತದೆ, ಕಿವಿ ಮುಚ್ಚಿಸಿ. ಕ್ರಿಸ್‌ಮಸ್ ನಂತರದ ಕೆಲವು ದಿನ ಗುಹೆಯೊಳಗೆ ಯೇಸು ಜನನದ ದೃಶ್ಯಗಳನ್ನು ಕಲಾವಿದರು ಅಭಿನಯಿಸುತ್ತಾರೆ, ಟಿಕೆಟ್ ಮೊದಲೇ ತೆಗೆಯಿರಿ. ಶ್ಕೋತ್ಸಿಯಾನ್ 1986ರಿಂದ ವಿಶ್ವ ಪರಂಪರೆ ಪಟ್ಟಿಯಲ್ಲಿದೆ, ಎರಡರಲ್ಲಿ ಭವ್ಯವಾದದ್ದು ಅದೇ. ಆದರೆ ನೂರಾರು ಮೆಟ್ಟಿಲು. ನೀವು ಒಬ್ಬರು ದೊಡ್ಡ ಮಗುವಿನ ಜೊತೆ ಹೋಗಿ ಬನ್ನಿ.

ಪಿರಾನ್‌ಗೆ ಅಲ್ಲಿಂದಲೇ ಒಂದು ಹಗಲು ಹೋಗಿಬರಬಹುದು. ಹಳೇ ಊರಿನೊಳಗೆ ಹೊರಗಿನವರ ಕಾರು ಬಿಡುವುದಿಲ್ಲ, ಫೊರ್ನಾಚೆ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ ಅಲ್ಲಿಂದ ಬಸ್ಸು. ಬುರ್ಯಾ ಎಂಬ ಈಶಾನ್ಯದ ಗಾಳಿ ಬೀಸುವ ದಿನ ಹೋಗಬೇಡಿ, ಎತ್ತರದ ವ್ಯಾನ್ ಅಂತೂ ವಿಪಾವಾ ಕಣಿವೆಯ ಹೆದ್ದಾರಿಗೆ ಇಳಿಸಲೇಬೇಡಿ.

ಪ್ತುಯ್ ದ್ರಾವಾ ನದಿ ದಂಡೆಯ ಹಳೆಯ ಪುಟ್ಟ ಊರು, ನದಿಯ ಆಚೆ ಬಿಸಿನೀರಿನ ಕೊಳಗಳು. ಮಂಡಿಗೆ ಒಳ್ಳೆಯದು, ಮಕ್ಕಳಿಗೆ ಜಾರುಬಂಡೆ. ಕೊಳಕ್ಕೆ ಈಜುಡುಗೆ ಬೇಕೇ ಬೇಕು, ಚಡ್ಡಿ ಬನಿಯನ್‌ನಲ್ಲಿ ಇಳಿಯಲು ಬಿಡುವುದಿಲ್ಲ. ಸೌನಾ ವಿಭಾಗಕ್ಕೆ ಬೇರೆ ಟಿಕೆಟ್. ಅಲ್ಲಿ ಗಂಡಸರು ಹೆಂಗಸರು ಒಟ್ಟಿಗೆ, ಬಟ್ಟೆಯಿಲ್ಲದೆ ಟವೆಲ್ ಮಾತ್ರ ಹಿಡಿದು ಕೂರುವುದು ಅವರ ಪದ್ಧತಿ. ಹಿರಿಯರನ್ನು ಕರೆದುಕೊಂಡು ಗೊತ್ತಿಲ್ಲದೆ ಆ ಬಾಗಿಲು ತಳ್ಳಬೇಡಿ.

ಪ್ತುಯ್‌ಗೆ ನಿಜವಾದ ಜೀವ ಬರುವುದು ಫೆಬ್ರವರಿಯಲ್ಲಿ. ಕುರಿಚರ್ಮ ಹೊದ್ದು, ಸೊಂಟಕ್ಕೆ ದನದ ಗಂಟೆ ಕಟ್ಟಿಕೊಂಡು, ಕೆಂಪು ನಾಲಿಗೆಯ ಮುಖವಾಡ ಹಾಕಿದ ಕುರೆಂತ್‌ಗಳು ಮನೆಮನೆಗೆ ಹೋಗಿ ಚಳಿಯನ್ನು ಓಡಿಸುತ್ತಾರೆ. ಕೊಡಗಿನ ಬೋಡ್ ನಮ್ಮೆ ಹಬ್ಬದ ವೇಷ ನೋಡಿ ಬೆಳೆದವರಿಗೆ ಅದನ್ನು ಬೇರೆ ವಿವರಿಸಬೇಕಿಲ್ಲ. 2017ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. 2027ರಲ್ಲಿ ಕ್ರೈಸ್ತರ ಉಪವಾಸ ಕಾಲ ಶುರುವಾಗುವ ಬೂದಿ ಬುಧವಾರ ಫೆಬ್ರವರಿ 10ಕ್ಕೆ, ಹಾಗಾಗಿ ಮೆರವಣಿಗೆಯ ಭರಾಟೆ 6, 7ರ ವಾರಾಂತ್ಯದಲ್ಲಿ. 8ನೇ ತಾರೀಕು ಸೋಮವಾರ ಅಲ್ಲಿ ಸರ್ಕಾರಿ ರಜೆ. ನಿಮಗೆ ಆಗ ಬರಲಾಗುವುದಿಲ್ಲ, ಆದರೆ ಡಿಸೆಂಬರ್‌ನಲ್ಲೂ ಕೋಟೆಯ ಮ್ಯೂಸಿಯಂನಲ್ಲಿ ಆ ವೇಷಗಳನ್ನು ನೋಡಬಹುದು. ಕೋಟೆಗೆ ಏರುದಾರಿ, ಹೋಗುವ ಮೊದಲು ರಜೆಯ ವಾರದ ಸಮಯ ಫೋನ್ ಮಾಡಿ ಕೇಳಿ.

ಹಾರಂಗಿ ದಂಡೆ:

ಒಂದು ಸೇರಿಸುತ್ತೇನೆ. ಜನವರಿ 2ರ ರಾತ್ರಿ ಪ್ತುಯ್‌ನಲ್ಲೇ ಉಳಿದು 3ರ ಬೆಳಿಗ್ಗೆ ವಿಮಾನಕ್ಕೆ ಓಡುವ ಲೆಕ್ಕ ಹಾಕಬೇಡಿ. ಹಿಮ ಬಿದ್ದರೆ ಆ 150 ಕಿ.ಮೀ.ಗೆ ಎರಡು ಪಟ್ಟು ಸಮಯ ಹಿಡಿಯುತ್ತದೆ, ಮೇಲಾಗಿ ಅದು ರಜೆ ಮುಗಿಸಿ ಜನ ಮನೆಗೆ ಮರಳುವ ಭಾನುವಾರ. ಕೊನೆಯ ರಾತ್ರಿ ಕ್ರಾನ್ ಅಥವಾ ಬ್ರ್‌ನಿಕ್ ಹತ್ತಿರ ಇರಲಿ. ಪೆಟ್ರೋಲ್ ಅಥವಾ ಡೀಸೆಲ್ 2ರಂದೇ ತುಂಬಿಸಿ ಬಿಲ್ ಇಟ್ಟುಕೊಳ್ಳಿ, ಗಾಡಿಯ ನಾಲ್ಕೂ ಬದಿ ಹಗಲು ಬೆಳಕಿನಲ್ಲೇ ಫೋಟೊ ತೆಗೆಯಿರಿ. ಬೆಳಿಗ್ಗೆ ಕತ್ತಲಲ್ಲಿ ಕೆಸರು ಹಿಮ ಅಂಟಿದ ಗಾಡಿ ಒಪ್ಪಿಸಿದರೆ ಯಾವ ಗೀರು ಯಾರದ್ದು ಎಂದು ತೋರಿಸಲು ಆಗುವುದಿಲ್ಲ.